ಆರಿಂಚಿನ ದೋಣಿ

ನಾಲ್ಕಿಂಚಿನ ದೋಣಿ ಹಾಕಿಸಿದ್ದರೆ ಚೆಲುವರಾಜುವಿಗೆ ಈ ಗತಿ ಬರುತ್ತಿರಲಿಲ್ಲ. ಸೂರಿನಂಚಿಗೆ ಕಟ್ಟುವ ಮಳೆನೀರಿನ ದೋಣಿಗೆ ನಾಲ್ಕಿಂಚು ಧಾರಾಳವಾಯಿತು ಅಂತ ಹಾರ್ಡ್‌ವೇರ್ ಅಂಗಡಿಯ ವಾಗೀಶ ಬಾಯಿ ಬಡಕೊಂಡಿದ್ದ. "ಆರಿಂಚು ಯಾಕ್ರೀ? ಕಬಿನಿ ಕಾಲುವೇನ ಮನೇಗೆ ತಿರುಗಿಸ್ಕೊತಿದೀರಾ?" ಅಂತಲೂ ಕೇಳಿದ್ದ. ದೊಡ್ಡದು ಮಾರಿದರೆ ಲಾಭ ಅವನಿಗೇ. ಆದರೂ ಸಣ್ಣದು ಸಾಕು ಅಂದ ಅಂಗಡಿಯವನ ಮಾತನ್ನು ಕಣ್ಣು ಮುಚ್ಚಿ ನಂಬಬೇಕಿತ್ತು.

ಚೆಲುವರಾಜು ನಂಬಲಿಲ್ಲ. ಅಗರಬತ್ತಿ ಗೋಡೌನಿನ ಸೂಪರ್‌ವೈಜರ್ ಆದ ಆತ ಯಾವುದನ್ನೂ ಅಳೆಯದೆ ಒಪ್ಪುವವನಲ್ಲ. ಮುಂಗಾರಿನ ಒಂದು ಜಡಿಮಳೆಯಲ್ಲಿ ಛತ್ರಿ ಹಿಡಿದು ಸೂರಿನ ಕೆಳಗೆ ನಿಂತು, ಹೆಂಚಿನ ಮೇಲಿಂದ ಓಡಿ ಬಂದ ನೀರು ಎಷ್ಟು ದೂರ ನೆಗೆಯುತ್ತದೆ ಅಂತ ನೋಡಿದ್ದ. ದೋಣಿ ಕಿರಿದಾದರೆ ಜೋರು ಮಳೆಯ ನೀರೆಲ್ಲ ಅದನ್ನು ಹಾರಿ ಅಂಗಳಕ್ಕೆ ಬೀಳುತ್ತದೆ ಅಂತ ಖಚಿತವಾಯಿತು. ಅವನ ಲೆಕ್ಕ ಸರಿಯಾಗಿಯೇ ಇತ್ತು. ಬಾಳಿನಲ್ಲಿ ಮೊದಲ ಸಲ ಸರಿಯಾಗಿ ಲೆಕ್ಕ ಹಾಕಿದ ಮನುಷ್ಯನಿಗೆ ಏನಾಗುತ್ತದೆ ಅನ್ನುವುದೇ ಈ ಕತೆ.

ವಿದ್ಯಾರಣ್ಯಪುರಂನ ಆ ಬೀದಿಯಲ್ಲಿ ಉಳಿದಿರುವ ಒಂದೇ ಹೆಂಚಿನ ಮನೆ ಅವನದು. ಅಕ್ಕಪಕ್ಕದವರೆಲ್ಲ ಮೂರು ಅಂತಸ್ತು ಏರಿಸಿ, ಮೇಲೆ ಸೋಲಾರ್ ಕೂರಿಸಿಕೊಂಡಿದ್ದರು. ಬೀದಿಯ ಕೊನೆಯಲ್ಲಿದ್ದುದರಿಂದ ಅವನ ಮನೆಯ ನಲ್ಲಿ ಒಂದಿಷ್ಟು ಕೆಮ್ಮಿ ಸುಮ್ಮನಾಗುತ್ತಿತ್ತು. ಹಾಗಾಗಿ ಹೆಂಡತಿ ಕುಸುಮ ದಿನಾ ಬೆಳಗ್ಗೆ ಬಿಂದಿಗೆ ಎತ್ತಿಕೊಂಡು ಪಕ್ಕದ ನೀಲಮ್ಮನ ಬೋರ್‌ವೆಲ್ ಮುಂದೆ ನಿಲ್ಲಬೇಕಿತ್ತು. ನೀಲಮ್ಮ ಇಲ್ಲ ಅಂದವಳೇ ಅಲ್ಲ. "ಇವತ್ತೂ ಬರ್ಲಿಲ್ವಾ ನಿಮ್ಮ ನಲ್ಲೀಲಿ? ಹೂಂ, ತಗೊಳ್ಳಿ ಕಣಮ್ಮ, ನಮ್ಮ ಬೋರು ಒಣಗೋಗೋವರ್ಗೂ ತಗೊಳ್ಳಿ" ಅನ್ನುತ್ತಿದ್ದಳು, ಅದೂ ಬೀದಿಗೆಲ್ಲ ಕೇಳುವ ಹಾಗೆ. ಕುಸುಮ ಬಿಂದಿಗೆಯ ಜೊತೆ ಆ ಮಾತನ್ನೂ ಹೊತ್ತುಕೊಂಡು ಬರುತ್ತಿದ್ದಳು.

ಇದೆಲ್ಲ ಮುಗಿಯಲಿ ಅಂತಲೇ ಚೆಲುವರಾಜು ಮನೆ ಮುಂದಿನ ಸೂರಿಗೆ ಉದ್ದಕ್ಕೂ ದೋಣಿ ಕಟ್ಟಿಸಿದ. ಈಶಾನ್ಯದ ಮೂಲೆಯಲ್ಲಿ ಸಂಪು ತೋಡಿಸಿದ. ದಾರ ಹಿಡಿದು ಇಳಿಜಾರು ನೋಡಿ, ಆ ಮೂಲೆಗೇ ಇಳಿಪೈಪು ಇಳಿಸಿ, ಅದರ ಬಾಯಿಗೆ ಕಸ ತಡೆಯುವ ಜಾಲರಿ ಕೂರಿಸಿದ. ಇನ್ನೊಂದು ತುದಿಗೂ ಒಂದು ಪೈಪು ಇರಲಿ ಅಂದುಕೊಂಡಿದ್ದ. "ಈಶಾನ್ಯ ಬಿಟ್ಟು ಬೇರೆ ಕಡೆ ನೀರು ಇಳಿದ್ರೆ ಮನೆ ಉದ್ಧಾರ ಆಗಲ್ಲ ಕಣೋ" ಅಂತ ತಾಯಿ ಚಾಮುಂಡಮ್ಮ ಹಠ ಹಿಡಿದರು. ಮನೆ ಉದ್ಧಾರವಾಗಲಿ ಅಂತ ಒಂದೇ ಪೈಪು ಸಾಕು ಮಾಡಿದ.

ಈಶಾನ್ಯದ ಮೂಲೆ ಅಂದರೆ ನೀಲಮ್ಮನ ಕಾಂಪೌಂಡಿನ ಪಕ್ಕ.

ಮಹಾಲಯ ಅಮಾವಾಸ್ಯೆಯ ದಿನ ಬೆಳಗ್ಗೆ ಚಾಮುಂಡಿ ಬೆಟ್ಟದ ನೆತ್ತಿ ಮೋಡದಲ್ಲಿ ಮುಚ್ಚಿಹೋಗಿತ್ತು. ಚೆಲುವರಾಜು ಅಂಗಳದಲ್ಲಿ ನಿಂತು ಒಂದು ಸಲ ಮೋಡ, ಒಂದು ಸಲ ದೋಣಿ ನೋಡುತ್ತಾ ಹಿಗ್ಗುತ್ತಿದ್ದ. ಗೋಡೆಯಾಚೆಯಿಂದ ನೀಲಮ್ಮನ ತಲೆ ಮೇಲೆದ್ದಿತು.

"ಚೆಲುವರಾಜು ಅವ್ರೇ, ಸರಿಯಾಗಿ ಕೇಳಿಸ್ಕೊಳ್ಳಿ. ನಿಮ್ಮ ಸೂರಿನ ನೀರು ಒಂದು ತೊಟ್ಟೂ ನಮ್ಮ ಕಡೆ ಬೀಳ್ಕೂಡ್ದು. ಮೊನ್ನೆ ತಾನೆ ಗೋಡೆಗೆ ಪೇಂಟ್ ಹೊಡೆಸಿದೀನಿ. ನಿಮ್ಮ ನೀರು ನಿಮಗೆ, ನಮ್ಮ ನೀರು ನಮಗೆ."

"ಒಂದು ತೊಟ್ಟೂ ಬೀಳಲ್ಲ ನೀಲಮ್ಮೋರೇ. ಅದಕ್ಕೇ ಅಲ್ವಾ ಆರಿಂಚು ಹಾಕ್ಸಿರೋದು!"

ಒಳಗೆ ಒಗ್ಗರಣೆ ಹಾಕುತ್ತಿದ್ದ ಕುಸುಮ ಇದನ್ನು ಕೇಳಿಸಿಕೊಂಡು ಹೊರಗೆ ಬಂದಳು. "ರೀ, ಇವತ್ತು ಮಳೆ ಬಂದು ಸಂಪು ತುಂಬಿದ್ರೆ ನಾಳೆಯಿಂದ ನಾನು ಆ ಮನೆ ಹೊಸಲು ತುಳಿಯಲ್ಲ. ಈಗ್ಲೇ ಹೇಳ್ಬುಟ್ಟಿದೀನಿ" ಅಂದಳು. ಮದುವೆಯಾದ ಮೇಲೆ ಅವಳ ಮುಖದಲ್ಲಿ ಅಷ್ಟು ಆಸೆಯನ್ನು ಅವನು ಕಂಡಿದ್ದು ಅಪರೂಪ.

ಅವತ್ತು ಹಿರಿಯರ ಪಕ್ಷ. ಹೋದ ವರ್ಷ ತೀರಿಕೊಂಡ ಅಪ್ಪನಿಗೆ ಇಷ್ಟವಾದ ಮಟನ್ ಸಾರು, ವಡೆ, ಪಾಯಸ, ಎಲ್ಲ ತಯಾರಾಗಿತ್ತು. ಎಡೆಯನ್ನು ಕಾಗೆ ಮುಟ್ಟುವ ತನಕ ಮನೆಯಲ್ಲಿ ಯಾರೂ ಬಾಯಿಗೆ ತುತ್ತು ಇಡುವ ಹಾಗಿಲ್ಲ. ಅಪ್ಪ ಬದುಕಿದ್ದಾಗ ಮಗನ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: "ನಿನ್ನ ಕೈಲಿ ನೀರೂ ನಿಲ್ಲಲ್ಲ ಕಣೋ." ಪರೀಕ್ಷೆಯಲ್ಲಿ ಫೇಲಾದಾಗ, ಸ್ಕೂಟರ್ ಕಳಕೊಂಡಾಗ, ಕೊನೆಗೆ ಆಸ್ಪತ್ರೆಯಲ್ಲಿ ಮಗ ಕುಡಿಸಲು ಹೋದ ಗಂಜಿ ಎದೆ ಮೇಲೆ ಚೆಲ್ಲಿದಾಗಲೂ ಅದನ್ನೇ ಹೇಳಿದ್ದರು. ಹಾಗಾಗಿ ಈ ದೋಣಿ ಕಟ್ಟಿಸುವಾಗ ಚೆಲುವರಾಜುವಿನ ಮನಸ್ಸಿನಲ್ಲಿ ನೀಲಮ್ಮನ ಜೊತೆ ಅಪ್ಪನೂ ಇದ್ದರು.

ಚಾಮುಂಡಮ್ಮ ಎಡೆಯನ್ನು ಕಾಂಪೌಂಡಿನ ಕಂಬದ ಮೇಲಿಟ್ಟು "ಕಾ ಕಾ" ಅಂತ ಕೂಗಿದರು. ಬೀದಿಯ ಎಲ್ಲ ತಾರಸಿಗಳ ಮೇಲಿಂದಲೂ ಅದೇ ಕೂಗು ಕೇಳಿಸುತ್ತಿತ್ತು. ಕಾಗೆ ಮಾತ್ರ ಒಂದೂ ಕಾಣಲಿಲ್ಲ. ಸೋಲಾರ್ ಪ್ಲೇಟಿನ ಹೊಳಪಿಗೆ ಓಡಿಹೋಗಿವೆ ಅಂದರು ಕೆಲವರು. ಮೊಬೈಲ್ ಟವರಿನಿಂದ ಸತ್ತೇಹೋಗಿವೆ ಅಂದರು ಇನ್ನು ಕೆಲವರು. ಮಧ್ಯಾಹ್ನದ ಹೊತ್ತಿಗೆ ಬೀದಿಯವರೆಲ್ಲ ಹಸಿದು, ಹಿರಿಯರ ಮೇಲಿದ್ದ ಭಕ್ತಿ ಸಿಟ್ಟಿಗೆ ತಿರುಗುತ್ತಿತ್ತು.

ಆಗ ಎಲ್ಲಿಂದಲೋ ಒಂದು ಹಿಂಡು ಕಾಗೆ ಬಂದು ಚೆಲುವರಾಜುವಿನ ದೋಣಿಯ ಅಂಚಿನಲ್ಲಿ ಸಾಲಾಗಿ ಕೂತಿತು. ಹಿಂದಿನ ದಿನ ಅವನು ಪರೀಕ್ಷೆಗೆ ಅಂತ ಸುರಿದಿದ್ದ ನೀರು ದೋಣಿಯ ಒಂದು ಸಣ್ಣ ತಗ್ಗಿನಲ್ಲಿ ಉಳಿದಿತ್ತು. ಅದನ್ನು ಕುಡಿಯಲು ಅವು ಬಂದಿದ್ದವು.

ಮೊದಲು ನೋಡಿದವನು ಎದುರುಮನೆಯ ಸಿದ್ದರಾಜು. ಬೀದಿಯಲ್ಲಿ ಯಾರಿಗೆ ಏನೇ ಆದರೂ ಕರೆಯದೆ ಬಂದು ಸಹಾಯ ಮಾಡುವ ಮನುಷ್ಯ. ಅವನ ಸಹಾಯ ಪಡೆದವರಿಗೆ ಅದರಿಂದ ಚೇತರಿಸಿಕೊಳ್ಳಲು ತಿಂಗಳು ಬೇಕಾಗುತ್ತಿತ್ತು. ಅವನು ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಎಡೆ ಹಿಡಿದು ಓಡಿಬಂದ.

"ಚೆಲುವಣ್ಣ, ಏಣಿ ಹಿಡ್ಕೊ! ನಮ್ಮಜ್ಜಂಗೆ ಎಡೆ ಮಡಗ್ಬೇಕು."

"ಅಯ್ಯೋ, ಅದು ನೀರಿನ ದೋಣಿ ಕಣಪ್ಪ!"

"ನೀರು ಎಲ್ಲೈತೆ ಈಗ? ಒಂದು ಗಳಿಗೆ ಕಣಣ್ಣ, ಕಾಗೆ ಮುಟ್ಟಿದ್ ತಕ್ಷಣ ಎತ್ಕೊಂಡ್ಬುಡ್ತೀನಿ."

ಊಟದ ದೊನ್ನೆ ಆ ದೋಣಿಯೊಳಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ನಾಲ್ಕಿಂಚಾಗಿದ್ದರೆ ಉರುಳಿ ಕೆಳಗೆ ಬೀಳುತ್ತಿತ್ತು. ಒಂದು ಕಾಗೆ ಕತ್ತು ಓರೆ ಮಾಡಿ ನೋಡಿ, ಮಟನ್ ತುಂಡು ಕಚ್ಚಿತು. ಸಿದ್ದರಾಜು ಏಣಿಯ ಮೇಲಿಂದಲೇ "ಮುಟ್ತು! ಮುಟ್ತು!" ಅಂತ ಬೊಬ್ಬೆ ಹೊಡೆದ.

ಅಷ್ಟೇ ಸಾಕಾಯಿತು. ಬೀದಿಯವರೆಲ್ಲ ದೊನ್ನೆ, ಎಲೆ, ಪಾಯಸದ ಲೋಟ ಹಿಡಿದು ಅವನ ಗೇಟಿನ ಮುಂದೆ ಸಾಲು ನಿಂತರು. ಚೆಲುವರಾಜು ಗೇಟಿಗೆ ಅಡ್ಡ ನಿಂತು ಬೇಡಿಕೊಂಡ. "ಇವತ್ತು ಮಳೆ ಬರೋ ಹಾಗಿದೆ ಕಣ್ರೀ, ಸಂಪಿಗೆ ಹೋಗುತ್ತೆ ಎಲ್ಲಾ."

"ನಮ್ಮಪ್ಪನಿಗಿಂತ ನಿಮ್ಮ ಸಂಪು ದೊಡ್ಡದಾ?" ಅಂತ ಒಬ್ಬರು ಕೇಳಿದರು. ಸತ್ತವರ ಪರವಾಗಿ ಬಂದವರ ಜೊತೆ ಜಗಳ ಆಡಿ ಗೆದ್ದವರು ಯಾರಿದ್ದಾರೆ? ಏಣಿ ಹತ್ತಿದವರು ಹತ್ತಿದರು, ಇಳಿದವರು ಇಳಿದರು. ಕಾಗೆ ಮುಟ್ಟಿದ ಕೂಡಲೇ ಊಟಕ್ಕೆ ಓಡಿದರೇ ಹೊರತು ದೊನ್ನೆ ಎತ್ತಿಕೊಂಡು ಹೋಗಬೇಕು ಅಂತ ಒಬ್ಬರಿಗೂ ನೆನಪಾಗಲಿಲ್ಲ. ನೀಲಮ್ಮ ಮೂಗಿಗೆ ಸೆರಗು ಹಿಡಿದು, "ಶಿವ ಶಿವಾ! ನಮ್ಮ ಗೋಡೆ ಪಕ್ಕದಲ್ಲೇ ಮಾಂಸ ಸುರಿಸ್ತಿದೀರಲ್ರೀ" ಅಂತ ಬೈದು ಕಿಟಕಿ ಹಾಕಿಕೊಂಡಳು.

ಕಾಗೆಗಳು ಬೀದಿಯ ಎಲ್ಲ ಹಿರಿಯರನ್ನೂ ತೃಪ್ತಿಪಡಿಸಿದವು. ಕಂಬದ ಮೇಲಿದ್ದ ಚೆಲುವರಾಜುವಿನ ಅಪ್ಪನ ಎಡೆಯನ್ನು ಮಾತ್ರ ಮೂಸಿಯೂ ನೋಡಲಿಲ್ಲ.

"ಏನೋ ಅಸಮಾಧಾನ ಇರ್ಬೇಕು ಕಣಣ್ಣ ನಿಮ್ಮಪ್ಪಂಗೆ" ಅಂದ ಸಿದ್ದರಾಜು, ಊಟ ಮುಗಿಸಿ ಹಲ್ಲು ಚುಚ್ಚಿಕೊಳ್ಳುತ್ತಾ. ಚಾಮುಂಡಮ್ಮ ಕಣ್ಣೊರೆಸಿಕೊಂಡರು. ಬೇರೆಯವರ ಅಪ್ಪಂದಿರೆಲ್ಲ ತನ್ನ ದೋಣಿಯಲ್ಲೇ ಉಂಡು ಹೋಗಿ, ತನ್ನಪ್ಪ ಮಾತ್ರ ಮುನಿಸಿಕೊಂಡಿದ್ದಕ್ಕೆ ಚೆಲುವರಾಜುವಿಗೆ ನಿಜವಾಗಿಯೂ ನೋವಾಯಿತು. ಸತ್ತ ಮೇಲಾದರೂ ಒಂದು ಸಲ ಭೇಷ್ ಅನ್ನಬಾರದಿತ್ತೇ?

ದೊನ್ನೆಗಳನ್ನು ತಾನೇ ತೆಗೆಯೋಣ ಅಂತ ಏಣಿಗೆ ಕಾಲಿಡುವ ಹೊತ್ತಿಗೆ ಬೆಟ್ಟದ ಕಡೆಯಿಂದ ಮಳೆ ಬಂದೇಬಿಟ್ಟಿತು. ಚಾಮುಂಡಮ್ಮ ಕಂಬದ ಮೇಲಿನ ಎಡೆಗೆ ತಟ್ಟೆ ಮುಚ್ಚಿ, ಛತ್ರಿ ಹಿಡಿದು ಕಾವಲು ನಿಂತರು. ಹೆಂಚಿನ ಮೇಲಿಂದ ನೀರು ಧುಮುಕಿ ಬಂತು. ಒಂದು ಹನಿಯೂ ದೋಣಿಯನ್ನು ಹಾರಿ ಹೋಗಲಿಲ್ಲ. ಚೆಲುವರಾಜು ಅಂದುಕೊಂಡಿದ್ದ ಹಾಗೇ ಇಳಿಜಾರಿನಲ್ಲಿ ಓಡಿತು, ಹೋಗುವಾಗ ದೊನ್ನೆ, ವಡೆ, ಅನ್ನ, ಮೂಳೆ, ಪಾಯಸ ಎಲ್ಲವನ್ನೂ ಎಬ್ಬಿಸಿಕೊಂಡು ಹೋಗಿ ಪೈಪಿನ ಬಾಯಿಯ ಜಾಲರಿಗೆ ಮೆತ್ತಿತು. ನೀರು ಕಟ್ಟಿಕೊಂಡಿತು.

ಜಾಲರಿ ಇರುವುದೇ ಅದಕ್ಕೆ. ಕಸವನ್ನು ಮೇಲಿಂದಲೇ ಬಾಚಿ ತೆಗೆದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಚೆಲುವರಾಜು ಮೊರ ತರಲು ಒಳಗೆ ಓಡಿದ. ಅಷ್ಟರಲ್ಲಿ ಸಿದ್ದರಾಜುವಿಗೆ ಸಹಾಯದ ಬುದ್ಧಿ ಬಂದಿತ್ತು.

"ಅಡ್ಡ ಏನೋ ಸಿಕ್ಕಾಕೊಂಡೈತೆ ಕಣಣ್ಣ, ನಾನು ಕಿತ್ತಾಕ್ತೀನಿ, ನೀನು ಯೋಚ್ನೆ ಮಾಡ್ಬೇಡ!"

"ಜಾಲರಿ ಮುಟ್ಬೇಡ ಕಣೋ!" ಅಂತ ಕೂಗುತ್ತಾ ಚೆಲುವರಾಜು ಹೊರಗೆ ಬರುವಾಗ, ಜಾಲರಿ ಸಿದ್ದರಾಜುವಿನ ಕೈಯಲ್ಲಿತ್ತು. ಇಡೀ ಬೀದಿಯ ಹಿರಿಯರ ಊಟ ಗಡಗಡ ಸದ್ದು ಮಾಡುತ್ತಾ ಪೈಪಿನಲ್ಲಿ ಇಳಿದು ಸಂಪಿಗೆ ಬಿತ್ತು. ಹಿಂದೆಯೇ ಹೋದ ದೊನ್ನೆ, ಎಲೆಗಳೆಲ್ಲ ಪೈಪಿನ ತಿರುವಿನಲ್ಲಿ ಬಿರಡೆಯ ಹಾಗೆ ಬಿಗಿದುಕೊಂಡವು. ಕೋಲು ಹಾಕಿದರು, ತಂತಿ ಹಾಕಿದರು, ಅದು ಇನ್ನೂ ಬಿಗಿಯಿತು.

ಇತ್ತ ಮಳೆಗೆ ಇದ್ಯಾವುದೂ ಗೊತ್ತಿಲ್ಲ. ದೋಣಿ ಕಂಠಮಟ್ಟ ತುಂಬಿ, ಅತಿ ತಗ್ಗಾದ ಈಶಾನ್ಯದ ತುದಿಯಿಂದ ಉಕ್ಕಿ, ಕಾಂಪೌಂಡು ದಾಟಿ ನೀಲಮ್ಮನ ಅಂಗಳಕ್ಕೆ ಸುರಿಯತೊಡಗಿತು.

"ಚೆಲುವರಾಜು ಅವ್ರೇ!" ಅಂತ ನೀಲಮ್ಮ ಚೀರುತ್ತಾ ಬಂದಳು. "ನನ್ ಪೇಂಟು! ಏನು ಹೇಳಿದ್ದೆ ನಾನು ಬೆಳಗ್ಗೆ?" ಆಮೇಲೆ ಕೂಗು ಯಾಕೋ ನಿಂತುಹೋಯಿತು. ಎಂಜಲೆಲ್ಲ ಸಂಪು ಸೇರಿದ ಮೇಲೆ, ಮಳೆಗೆ ತೊಳೆದುಹೋದ ಹೆಂಚಿನ ಮೇಲಿಂದ ಬರುತ್ತಿದ್ದ ನೀರು ಗಾಜಿನ ಹಾಗೆ ತಿಳಿಯಾಗಿತ್ತು. ಗೋಡೆಯಾಚೆಯಿಂದ ಡ್ರಮ್ಮು ಎಳೆಯುವ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು ಡ್ರಮ್ಮು, ಆಮೇಲೆ ಹಂಡೆ, ಕೊಪ್ಪರಿಗೆ, ಬಕೆಟ್ಟು. ಆರಿಂಚಿನ ದೋಣಿ ಎಲ್ಲವನ್ನೂ ಒಂದು ಹನಿ ಆಚೀಚೆ ಚೆಲ್ಲದೆ ತುಂಬಿಸಿತು.

ಮಳೆ ನಿಂತ ಮೇಲೆ ಚಾಮುಂಡಮ್ಮ ಎಡೆಯ ಮೇಲಿನ ತಟ್ಟೆ ತೆಗೆದು ಮತ್ತೆ ಕಾಗೆಗೆ ಕಾದರು. ಕುಸುಮ ಸಂಪಿನ ಮುಚ್ಚಳ ತೆಗೆದು ನೋಡಿದಳು. ಸಾರು ತೇಲುತ್ತಿತ್ತು. ಒಂದು ವಡೆ ನಿಧಾನವಾಗಿ ಸುತ್ತು ಹಾಕುತ್ತಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆಲುವರಾಜುವಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

"ಇದನ್ನ ಬಳಿದು ಹಾಕಿ, ಸೋಪು ಹಾಕಿ ಉಜ್ಜಿ ತೊಳೀಬೇಕು. ಇಲ್ದಿದ್ರೆ ನಾಳೆ ಹೊತ್ತಿಗೆ ಹುಳ ಬೀಳುತ್ತೆ" ಅಂದ ಅವನು.

"ತೊಳೆಯೋಕೆ ನೀರು?" ಅಂತ ಕೇಳಿದಳು ಕುಸುಮ. ಆಮೇಲೆ ಒಳಗೆ ಹೋಗಿ, ಬಿಂದಿಗೆ ತಂದು ಅವನ ಕಾಲ ಬಳಿ ಇಟ್ಟಳು. "ನಾನು ಆ ಮನೆ ಹೊಸಲು ತುಳಿಯಲ್ಲ ಅಂತ ಬೆಳಗ್ಗೇನೇ ಹೇಳಿದೀನಿ. ನೀವೇ ಹೋಗಿ."

ಬೆಳಗಿನಿಂದ ಹೊಟ್ಟೆಗೇನೂ ಇಲ್ಲದ ಚೆಲುವರಾಜು ಬಿಂದಿಗೆ ಹಿಡಿದು ಪಕ್ಕದ ಗೇಟು ತೆರೆದ. ನೀಲಮ್ಮ ಅಂಗಳದಲ್ಲಿ ತುಂಬಿದ ಡ್ರಮ್ಮುಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವನು ಒಂದು ಡ್ರಮ್ಮಿನ ಕಡೆ ಕೈ ಚಾಚಿದ.

"ಇರಿ ಇರಿ. ಕೇಳಿ ತಗೋಬೇಕು."

"ಇದು... ನಮ್ಮ ಸೂರಿನ ನೀರಲ್ವಾ ನೀಲಮ್ಮೋರೇ?"

"ನಮ್ಮ ಕಡೆ ಬಿದ್ದಿದ್ದು ನಮ್ದು ಕಣ್ರೀ. ನಿಮ್ಮ ನೀರು ನಿಮ್ಮ ಸಂಪಲ್ಲಿದೆಯಲ್ಲ!" ಅಂತ ಹೇಳಿ, ಬೀದಿಗೆಲ್ಲ ಕೇಳುವ ಹಾಗೆ ದನಿ ಎತ್ತಿದಳು. "ಹೋಗ್ಲಿ, ತಗೊಳ್ಳಿ. ಪಾಪ, ಅಷ್ಟೆಲ್ಲಾ ದೋಣಿ ಕಟ್ಟಿಸಿದ್ರಿ, ಇವತ್ತೂ ಬರ್ಲಿಲ್ವಾ ನಿಮ್ಮನೇಲಿ ನೀರು?"

ಚೆಲುವರಾಜು ತನ್ನದೇ ಮಳೆಯನ್ನು ಬಿಂದಿಗೆಗೆ ತುಂಬಿಸಿಕೊಂಡು, ಹೆಗಲ ಮೇಲಿಟ್ಟು ಬೀದಿಗೆ ಬಂದ. ಬಿಂದಿಗೆ ಹೊತ್ತು ಅಭ್ಯಾಸವಿಲ್ಲದ್ದರಿಂದ ಪ್ರತಿ ಹೆಜ್ಜೆಗೂ ನೀರು ತುಳುಕಿ ಅಂಗಿ ಒದ್ದೆಯಾಯಿತು. ತನ್ನ ಗೇಟು ತಲುಪುವ ಹೊತ್ತಿಗೆ ಅರ್ಧವೂ ಉಳಿದಿರಲಿಲ್ಲ.

ಆಗ ದೋಣಿಯ ಅಂಚಿನಿಂದ ಒಂದು ಮುದಿ ಕಾಗೆ ಹಾರಿ ಬಂದು ಕಂಬದ ಮೇಲೆ ಕೂತಿತು. ಬಿಂದಿಗೆಯಿಂದ ಸೋರುತ್ತಿದ್ದ ನೀರನ್ನೂ, ಅದರ ಕೆಳಗೆ ನಿಂತ ಮನುಷ್ಯನನ್ನೂ ಒಂದು ಕಣ್ಣಿನಿಂದ ಸಾವಕಾಶವಾಗಿ ನೋಡಿತು. ಆಮೇಲೆ ಎಡೆಗೆ ಬಾಯಿ ಹಾಕಿ ಗಬಗಬನೆ ತಿನ್ನತೊಡಗಿತು.

"ಮುಟ್ತು ಕಣೋ! ಮುಟ್ತು!" ಅಂತ ಚಾಮುಂಡಮ್ಮ ಛತ್ರಿ ಬಿಸಾಕಿ ಕೈಮುಗಿದರು. "ನೋಡು, ಇಷ್ಟೊತ್ತು ಕಾದಿದ್ದು, ಈಗ ತೃಪ್ತಿಯಾಯ್ತು ನಿಮ್ಮಪ್ಪಂಗೆ!"

"ಆಗದೆ ಇರುತ್ತಾ ಕಣಮ್ಮ?" ಅಂತ ಹೇಳಿ ಚೆಲುವರಾಜು ಉಳಿದ ನೀರನ್ನು ಸಂಪಿನ ಪಕ್ಕದ ಬಕೆಟ್ಟಿಗೆ ಸುರಿದ. ಖಾಲಿ ಬಿಂದಿಗೆ ಹಿಡಿದು ಮತ್ತೆ ನೀಲಮ್ಮನ ಗೇಟಿನ ಕಡೆ ಹೊರಟ.