ಡಬ್ಬದ ಮೇಲಿನ ಕಬ್ಬಿಣ

ಮ್ಯಾಗ್ನೆಟ್ಟಣ್ಣ ಕಣ್ಣು ಕತ್ತಲಿಟ್ಟು ಬಿದ್ದದ್ದು ದೊಡ್ಡ ಸಂಗತಿಯೇನಲ್ಲ. ಆ ಕಾರ್ಖಾನೆಯಲ್ಲಿ ಆಗಾಗ ಯಾರಾದರೊಬ್ಬರು ಬೀಳುತ್ತಲೇ ಇದ್ದರು. ಪಕ್ಕದವರು ಮುಖಕ್ಕೆ ನೀರು ಚಿಮುಕಿಸಿ, ಗೋಡೆಗೆ ಒರಗಿಸಿ, ಮತ್ತೆ ಕೆಲಸಕ್ಕೆ ಮರಳುತ್ತಿದ್ದರು. ಇವನು ಮಾಡಿದ ತಪ್ಪೆಂದರೆ ಮ್ಯಾನೇಜರ ಬೂಟಿನ ಮೇಲೇ ಬಿದ್ದದ್ದು. ಅದೂ ಕೈಯಲ್ಲಿದ್ದ ಕರಿಧೂಳಿನ ಬಕೆಟ್ಟಿನ ಸಮೇತ.

ಅಲ್ಲಿ ತಯಾರಾಗುತ್ತಿದ್ದದ್ದು ಬೆಳಗಿನ ತಿಂಡಿಯ ಫ್ಲೇಕ್ಸ್. ಡಬ್ಬದ ಮೇಲೆ ಬೀರುವಿನಷ್ಟು ಅಗಲ ಎದೆಯ ಗಂಡಸೊಬ್ಬ ನಗುತ್ತಿದ್ದ. ಅವನ ಹೊಟ್ಟೆಯ ಮೇಲೆ ಹತ್ತಾರು ವಿಟಮಿನ್‌ಗಳ ಹೆಸರು. ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ‘ಒಂದು ಬಟ್ಟಲಿನಲ್ಲಿ ದಿನಕ್ಕೆ ಬೇಕಾದ ಅರ್ಧ ಕಬ್ಬಿಣ’. ಹೋದ ವರ್ಷ ಕ್ಯಾಂಟೀನಿನ ಬಿಸಿ ಊಟ ನಿಲ್ಲಿಸಿದಾಗ ಮ್ಯಾನೇಜರು ಕೆಲಸಗಾರರನ್ನೆಲ್ಲ ಸೇರಿಸಿ ಸಮಾಧಾನವಾಗಿಯೇ ವಿವರಿಸಿದ್ದರು. ಊಟದಲ್ಲಿ ಏನಿದೆಯೆಂದು ಯಾರಿಗೆ ಗೊತ್ತು? ಡಬ್ಬದಲ್ಲಾದರೆ ಎಲ್ಲವೂ ಅಚ್ಚಾಗಿದೆ. ಎರಡು ಬಟ್ಟಲು ತಿಂದರೆ ದಿನದ ಲೆಕ್ಕ ಪೂರ್ತಿ. ಆಮೇಲೂ ಹಸಿವಾದರೆ ಅದು ಹೊಟ್ಟೆಯದಲ್ಲ, ಬರೀ ಮನಸ್ಸಿನದು. ಅಂದಿನಿಂದ ಊಟದ ಬದಲು ಡಬ್ಬ ಸಿಗತೊಡಗಿತು. ಕ್ಯಾಂಟೀನಿದ್ದ ಜಾಗ ಮ್ಯಾನೇಜರ ಕೋಣೆಗೆ ಸೇರಿತು. ಕೋಣೆಗೆ ಅಷ್ಟೂ ಸಾಲದೆ ವಿಟಮಿನ್ ಉದುರಿಸುವ ಪೀಪಾಯಿಯನ್ನೂ ಅದರ ಜಾಗದಿಂದ ಕಿತ್ತು, ಫ್ಲೇಕ್ಸ್ ಹರಿದುಬರುವ ಸಾಲಿನಲ್ಲಿ ಮ್ಯಾಗ್ನೆಟ್ಟಿಗಿಂತ ಹಿಂದಕ್ಕೆ ತಳ್ಳಿದರು.

ಮ್ಯಾಗ್ನೆಟ್ಟೇ ನಮ್ಮವನ ಹೊಟ್ಟೆಪಾಡು. ಫ್ಲೇಕ್ಸ್ ಅದುಮುವ ಯಂತ್ರಕ್ಕೆ ಅವನ ತಾಯಿಯಷ್ಟೇ ವಯಸ್ಸು. ತಾಯಿಯ ಹಲ್ಲು ಉದುರಿದಂತೆ ಅದರ ನಟ್ಟು, ಸ್ಕ್ರೂಗಳೂ ಉದುರುತ್ತಿದ್ದವು. ಡಬ್ಬಕ್ಕೆ ಬೀಳುವ ಮುಂಚೆ ಫ್ಲೇಕ್ಸ್ ದೊಡ್ಡದೊಂದು ಮ್ಯಾಗ್ನೆಟ್ಟಿನ ಕೆಳಗೆ ಹರಿಯುತ್ತಿತ್ತು. ಅದಕ್ಕೆ ಕಚ್ಚಿಕೊಂಡದ್ದನ್ನು ಒರೆಸಿ, ಬಕೆಟ್ಟಿಗೆ ತುಂಬಿ, ಹಿಂದಿನ ಗುಂಡಿಗೆ ಸುರಿಯುವುದು ಅವನ ಕೆಲಸ. ಈಚೆಗೆ ಅದಕ್ಕೆ ನುಣುಪಾದ ಕರಿಧೂಳು ಬೇರೆ ಮೆತ್ತಿಕೊಳ್ಳುತ್ತಿತ್ತು. ಯಂತ್ರ ಸವೆಯುತ್ತಿದೆ ಪಾಪ ಎಂದುಕೊಂಡು ಇನ್ನಷ್ಟು ಶ್ರದ್ಧೆಯಿಂದ ಒರೆಸುತ್ತಿದ್ದ. ದೇವರ ಮೂರ್ತಿಯನ್ನೂ ಯಾರೂ ಹಾಗೆ ಒರೆಸಿರಲಿಕ್ಕಿಲ್ಲ.

ಕಾರ್ಖಾನೆಯ ಡಾಕ್ಟರು ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಸುಣ್ಣ ಬಳಿದ ಗೋಡೆಯಂತೆ ಬಿಳುಪು. ಬೆರಳು ಚುಚ್ಚಿದರೆ ರಕ್ತವೂ ಬರಲೋ ಬೇಡವೋ ಎಂದು ಅನುಮಾನಿಸಿ ಬಂತು. ‘ಮೈಯಲ್ಲಿ ಕಬ್ಬಿಣವೇ ಇಲ್ಲ’ ಎಂದು ಡಾಕ್ಟರು ತಮ್ಮಷ್ಟಕ್ಕೆ ಹೇಳಿಕೊಂಡದ್ದೇ ತಡ, ಬೂಟು ಒರೆಸಿಕೊಳ್ಳುತ್ತಿದ್ದ ಮ್ಯಾನೇಜರು ತಲೆ ಎತ್ತಿದರು.

"ಡಬ್ಬ ತಿಂತಿದ್ದೀಯೇನೋ?"

"ತಿಂತೀನಿ ಸಾರ್. ದಿನಾ ಎರಡು ಬಟ್ಟಲು."

"ಎರಡು ಬಟ್ಟಲು ತಿಂದೋನ ಮೈಯಲ್ಲಿ ಕಬ್ಬಿಣ ಇಲ್ಲ ಅಂದ್ರೆ ಡಬ್ಬ ಸುಳ್ಳು ಹೇಳ್ತಿದೆ ಅಂತಾಯ್ತು. ಡಬ್ಬ ಸುಳ್ಳು ಹೇಳಲ್ಲ. ಅಂದ್ಮೇಲೆ ಯಾರು ಹೇಳ್ತಿರೋದು?"

ಈ ತರ್ಕಕ್ಕೆ ಎದುರಾಡುವ ಶಕ್ತಿ ಅವನಲ್ಲಿರಲಿಲ್ಲ. ಇದ್ದಷ್ಟು ಶಕ್ತಿ ಕೂತಿರುವುದಕ್ಕೇ ಖರ್ಚಾಗುತ್ತಿತ್ತು. ತೀರ್ಮಾನ ಅಲ್ಲಿಯೇ ಆಯಿತು. ಕಾರ್ಖಾನೆ ಕೊಟ್ಟ ಡಬ್ಬವನ್ನು ಇವನು ಹೊರಗೆ ಮಾರುತ್ತಿದ್ದಾನೆ. ಅಲ್ಲವೆಂದು ಸಂಜೆಯ ಸೈರನ್ನಿನೊಳಗೆ ತೋರಿಸಿಕೊಡಬೇಕು, ಇಲ್ಲವಾದರೆ ನಾಳೆಯಿಂದ ಗೇಟು ದಾಟುವಂತಿಲ್ಲ. ಗೇಟಿನ ಜೊತೆಗೇ ಮನೆಯೂ ಹೋಗುತ್ತದೆ, ಏಕೆಂದರೆ ಅವನೂ ತಾಯಿಯೂ ಇದ್ದದ್ದು ಕಾರ್ಖಾನೆಯ ಗೋಡೆಗೆ ಅಂಟಿದ ಲೈನ್‌ಮನೆಯಲ್ಲಿ.

ವಿಷಯ ತಿಳಿದ ಕೂಡಲೇ ಪ್ಯಾಕಿಂಗಿನ ಅಕ್ಕ ಸಹಾಯಕ್ಕೆ ಬಂದಳು. ಅವಳು ಸಹಾಯಕ್ಕೆ ಬಂದಳೆಂದರೆ ಇದ್ದ ತೊಂದರೆ ದುಪ್ಪಟ್ಟಾಯಿತೆಂದೇ ಲೆಕ್ಕ. ಸಂಜೆ ಇನ್ನೊಮ್ಮೆ ರಕ್ತ ನೋಡಿ ಎಂದು ಡಾಕ್ಟರನ್ನು ಕೇಳಿದರಾಯಿತು, ಅಷ್ಟರೊಳಗೆ ಮೈಗೆ ಕಬ್ಬಿಣ ತುಂಬಿಬಿಡೋಣ ಎಂಬುದು ಅವಳ ಉಪಾಯ. ಒಬ್ಬೊಬ್ಬರೂ ತಮ್ಮ ಪಾಲಿನ ಫ್ಲೇಕ್ಸ್ ತಂದು ಅವನ ಮುಂದೆ ಸುರಿದರು. ಹಾಲಿಲ್ಲ, ನಲ್ಲಿ ನೀರಿನಲ್ಲೇ ಕಲಸಿ ಬಟ್ಟಲ ಮೇಲೆ ಬಟ್ಟಲು ತಿನ್ನಿಸಿದರು.

"ಇನ್ನೊಂದು ಬಟ್ಟಲು ತಿನ್ನಪ್ಪ, ಕಬ್ಬಿಣ ಗಂಟಲಲ್ಲೇ ನಿಂತಿರುತ್ತೆ, ಕೆಳಗೆ ತಳ್ಳಬೇಕು" ಎಂದು ಅಕ್ಕ ಬೆನ್ನು ಸವರಿದಳು.

ತಳ್ಳಿದ್ದು ಕೆಳಗೆ ಹೋಗಲಿಲ್ಲ, ಬಂದ ದಾರಿಯಲ್ಲೇ ತಿರುಗಿ ಬಂತು. ಆ ಹೊತ್ತಿಗೆ ಸರಿಯಾಗಿ ಮ್ಯಾನೇಜರು ಒಳಗೆ ಕಾಲಿಟ್ಟರು. ಬೂಟು ಅದೇ ಬೂಟು.

ಇನ್ನು ಮನೆಯನ್ನೇ ನೋಡಿಬಿಡೋಣವೆಂದು ಮ್ಯಾನೇಜರೂ ಡಾಕ್ಟರೂ ಹೊರಟರು. ಹಿಂದೆ ಮ್ಯಾಗ್ನೆಟ್ಟಣ್ಣ, ಶವಯಾತ್ರೆಗೆ ತಾನೇ ಹೆಣವಾಗಿ ತಾನೇ ನಡೆದು ಹೊರಟವನಂತೆ. ಲೈನ್‌ಮನೆಯ ಬಾಗಿಲಲ್ಲೇ ಪಕ್ಕದ ಟೈಲರು ಎದುರಾದ. ನೆರೆಯವನಿಗೆ ಏನೋ ಬಹುಮಾನ ಬಂದಿದೆ, ಅದಕ್ಕೇ ಸಾಹೇಬರು ಬಂದಿದ್ದಾರೆ ಎಂದುಕೊಂಡ ಪುಣ್ಯಾತ್ಮ ಕೇಳದಿದ್ದರೂ ಹೊಗಳತೊಡಗಿದ.

"ಧಾರಾಳಿ ಅಂದ್ರೆ ಇವನೇ ಸಾರ್. ಬನ್ನಿ, ನೀವೇ ನೋಡಿ."

ಅವನ ಅಂಗಡಿಯ ಶೆಲ್ಫಿನ ತುಂಬ ಕಾರ್ಖಾನೆಯ ಡಬ್ಬಗಳು. ಎದೆ ಅಗಲದ ಗಂಡಸು ಸಾಲುಸಾಲಾಗಿ ನಗುತ್ತಿದ್ದ. ಮ್ಯಾನೇಜರ ಮುಖವೂ ಅರಳಿತು, ಕಳ್ಳಮಾಲು ಕಣ್ಣಿಗೆ ಬಿದ್ದ ಪೊಲೀಸಿನವನ ಹಾಗೆ. ಡಬ್ಬ ತೆಗೆದು ಅಲ್ಲಾಡಿಸಿದರು. ಒಳಗೆ ಗುಂಡಿ, ದಾರದ ಉಂಡೆ, ಹುಕ್ಕು. ಖಾಲಿ ಡಬ್ಬ ಮಾತ್ರ ಕೊಡುತ್ತಾನೆ ಎಂದು ಟೈಲರು ತಡವರಿಸಿದ. ಖಾಲಿ ಮಾಡಿದ್ದು ಯಾರು ಎಂದು ಮ್ಯಾನೇಜರು ಕೇಳಿದರು. ಡಾಕ್ಟರು ಸುಮ್ಮನಿರದೆ ಟೈಲರನ ರೆಪ್ಪೆ ಎಳೆದರು, ಅಲ್ಲೂ ಸುಣ್ಣ. ಒಳಗೆ ಹೋಗಿ ತಾಯಿಯ ರೆಪ್ಪೆ ಎಳೆದರು. ಅಲ್ಲಿ ಸುಣ್ಣವೂ ಸವೆದಿತ್ತು.

ಮುದುಕಿ ಲೋಟದಲ್ಲಿ ಫ್ಲೇಕ್ಸ್ ನೆನೆಹಾಕಿಕೊಂಡು ಕೂತಿದ್ದಳು.

"ತಿಂತೀವಪ್ಪ, ಇದನ್ನೇ ತಿಂತೀವಿ. ಬೇರೆ ಏನಿದೆ ಮನೇಲಿ? ನನ್ನ ಮಗ ಕದಿಯೋನಾಗಿದ್ರೆ ತಿನ್ನೋವಂಥದ್ದೇನಾದ್ರೂ ಕದೀತಿದ್ದ."

ಡಾಕ್ಟರು ಗಂಟಲು ಸರಿಮಾಡಿಕೊಂಡು, ಒಂದು ವೇಳೆ ಡಬ್ಬದಲ್ಲೇ ಕಬ್ಬಿಣ ಇಲ್ಲದಿದ್ದರೆ, ಎಂದು ಶುರುಮಾಡಿದರು. ಮ್ಯಾನೇಜರಿಗೆ ರೇಗಿತು. ಮುಂಚೆ ಮಾರಾಟದ ವಿಭಾಗದಲ್ಲಿದ್ದ ಮನುಷ್ಯ ಅವರು. ಅಂಗಡಿ ಅಂಗಡಿಗೆ ಹೋಗಿ, ಫ್ಲೇಕ್ಸ್ ಪುಡಿಮಾಡಿ ನೀರಿಗೆ ಹಾಕಿ, ಮ್ಯಾಗ್ನೆಟ್ ಆಡಿಸಿ, ಕಬ್ಬಿಣದ ಪುಡಿ ಕಚ್ಚಿಕೊಳ್ಳುವುದನ್ನು ತೋರಿಸಿಯೇ ಈ ಕುರ್ಚಿಗೆ ಏರಿದ್ದರು. ಡಾಕ್ಟರನ್ನೂ ಇವನನ್ನೂ ಕಾರ್ಖಾನೆಗೆ ಎಳೆದೊಯ್ದು, ತಮ್ಮ ಅಗಲವಾದ ಕೋಣೆಯಲ್ಲಿ ಅದೇ ಆಟ ಹೂಡಿದರು. ಫ್ಲೇಕ್ಸ್ ಅರೆದರು. ನೀರು ಹಾಕಿದರು. ಮ್ಯಾಗ್ನೆಟ್ ಆಡಿಸಿದರು. ಏನೂ ಬರಲಿಲ್ಲ. ಬೇರೆ ಡಬ್ಬ ತರಿಸಿದರು. ಮತ್ತೆ ಬೇರೆ. ತೋಳು ಮಡಿಚಿ, ಬೆವರು ಒರೆಸಿ, ಬಟ್ಟಲೊಳಗೆ ಮುಖವಿಟ್ಟು ಹುಡುಕಿದರು. ಮ್ಯಾಗ್ನೆಟ್ಟು ತೊಳೆದಷ್ಟು ಚೊಕ್ಕವಾಗಿ ಮೇಲೆ ಬಂತು.

ಅವರ ಪಾಡು ನೋಡಲಾರದೆ ಮ್ಯಾಗ್ನೆಟ್ಟಣ್ಣ ಸೊಂಟದಲ್ಲಿ ಸಿಕ್ಕಿಸಿದ್ದ ಒರೆಸುಬಟ್ಟೆಯನ್ನು ಮುಂದೆ ಚಾಚಿದ. ಮ್ಯಾನೇಜರ ಕೈಯ ಮ್ಯಾಗ್ನೆಟ್ ಕಂಡದ್ದೇ ಬಟ್ಟೆಯ ಕರಿಧೂಳು ಬೆಕ್ಕು ಕಂಡ ನಾಯಿಯ ಬೆನ್ನಿನ ಕೂದಲಿನಂತೆ ಸೆಟೆದು ನಿಂತಿತು.

"ಸಾರ್, ನೀವು ಹುಡುಕ್ತಿರೋ ಪುಡಿ ಇದೇನಾ? ಇದು ಬೇಕಾದಷ್ಟಿದೆ. ಹಿಂದಿನ ಗುಂಡಿ ತುಂಬ ಇದೇ."

ಪೀಪಾಯಿ ಉದುರಿಸಿದ ಕಬ್ಬಿಣವನ್ನೆಲ್ಲ ಡಬ್ಬ ತಲುಪುವ ಮುಂಚೆಯೇ ಮುಂದಿದ್ದ ಮ್ಯಾಗ್ನೆಟ್ ಹೀರಿಕೊಂಡಿತ್ತು. ಹೀರಿದ್ದನ್ನೆಲ್ಲ ಇವನು ಒರೆಸಿ ಒರೆಸಿ ಮಣ್ಣಿಗೆ ತಿನ್ನಿಸಿದ್ದ. ಆ ಗುಂಡಿಯ ಮಣ್ಣಿನಷ್ಟು ಪುಷ್ಟಿಯಾಗಿ ಉಂಡ ಜೀವ ಆ ಬಡಾವಣೆಯಲ್ಲಿ ಇನ್ನೊಂದಿರಲಿಲ್ಲ.

ಕಳ್ಳತನದ ಆರೋಪ ಅಲ್ಲೇ ಬಿದ್ದುಹೋಯಿತು. ಮ್ಯಾನೇಜರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಆ ಕೈಯ ಭಾರಕ್ಕೇ ಅವನು ಕುಸಿಯುವಂತಾದ. ಆದರೂ ಎದೆಯೊಳಗೆ ಏನೋ ಹಗುರಾಯಿತು. ಕೆಲಸ ಉಳಿಯಿತು, ಮನೆ ಉಳಿಯಿತು. ಕ್ಯಾಂಟೀನನ್ನು ಮತ್ತೆ ತೆರೆದು ಪೀಪಾಯಿಯನ್ನು ಹಳೆಯ ಜಾಗಕ್ಕೆ ತಂದರೂ ತಂದಾರು ಎಂದು ಬಾಗಿಲ ಸಂದಿಯಲ್ಲಿ ಕಿವಿಯಿಟ್ಟಿದ್ದ ಅಕ್ಕ ಆಗಲೇ ಹೊರಗೆ ಸುದ್ದಿ ಹಬ್ಬಿಸಿದ್ದಳು.

ಮ್ಯಾನೇಜರು ಕೋಣೆಯನ್ನೊಮ್ಮೆ ಅಳೆಯುವವರಂತೆ ನೋಡಿದರು. ಗೋಡೆ ಒಡೆಯಬೇಕು, ಸೋಫಾ ಸರಿಸಬೇಕು. ನಿಟ್ಟುಸಿರಿಟ್ಟು, ಅದಕ್ಕಿಂತ ಸುಲಭದ ದಾರಿ ಹುಡುಕಿದರು. ಆ ಗಳಿಗೆಯೇ ಆಳುಗಳನ್ನು ಕರೆಸಿ ಮ್ಯಾಗ್ನೆಟ್ಟನ್ನು ಕಳಚಿಸಿದರು.

"ಇನ್ಮೇಲೆ ಡಬ್ಬದ ಮೇಲೆ ಬರೆದದ್ದೆಲ್ಲ ಒಳಗೂ ಇರುತ್ತೆ. ಎಲ್ಲಾ ನಿನ್ನಿಂದ ಕಣಪ್ಪ" ಎಂದರು. ಆಮೇಲೆ ನೆನಪಾದವರಂತೆ, "ಮ್ಯಾಗ್ನೆಟ್ಟೇ ಇಲ್ಲ ಅಂದ್ಮೇಲೆ ಒರೆಸೋ ಕೆಲಸವೂ ಇಲ್ಲ. ನಾಳೆಯಿಂದ ಬರಬೇಡ" ಎಂದು ಸೇರಿಸಿದರು. ಬರಿಗೈಯಲ್ಲಿ ಕಳಿಸಲಿಲ್ಲ. ಮ್ಯಾಗ್ನೆಟ್ ಕಳಚಿದ ಮೇಲೆ ತುಂಬಿದ ಮೊದಲ ಡಬ್ಬವನ್ನು ತಮ್ಮ ಕೈಯಾರೆ ಕೊಟ್ಟರು.

ಸೈರನ್ ಕೂಗಿತು. ಅವನು ಮನೆಗೆ ಬಂದು ಡಬ್ಬ ಒಡೆದ. ತಾಯಿಗೆ ಏನು ಹೇಳುವುದೆಂದು ತಿಳಿಯದೆ, ಒಂದು ಬಟ್ಟಲು ತುಂಬಿ ನೀರು ಹಾಕಿ ಮುಂದಿಟ್ಟ. ಇದರಲ್ಲಿ ನಿಜವಾಗಿಯೂ ಕಬ್ಬಿಣ ಇದೆಯಮ್ಮ, ತಿನ್ನು, ಎಂದಷ್ಟೇ ಹೇಳಿದ.

ಮುದುಕಿ ಅಗಿದಳು. ಕಟ್ ಎಂದಿತು. ಬಾಯೊಳಗೆ ಬೆರಳಿಟ್ಟು ತಡಕಿ, ಸಿಕ್ಕಿದ್ದನ್ನು ಅಂಗೈಗೆ ಹಾಕಿಕೊಂಡು ದೀಪಕ್ಕೆ ಹಿಡಿದಳು. ಉಳಿದಿದ್ದ ಹಲ್ಲುಗಳಲ್ಲಿ ಒಂದು; ಅದರ ಪಕ್ಕದಲ್ಲಿ, ಎಣ್ಣೆ ಇನ್ನೂ ಆರದ ದಪ್ಪ ನಟ್ಟು.

"ಇದೆ ಕಣೋ" ಎಂದಳು.