ಉಪ್ಪಿಟ್ಟು ಆಗತ್ತೆ, ರಕ್ತ ಆಗಲ್ಲ

ನನ್ನ ಹೆಂಡತಿ ಸರೋಜ ಚೆನ್ನಾಗಿದ್ದ ಕೊನೆಯ ಭಾನುವಾರ ನಮ್ಮ ಮಲ್ಲೇಶ್ವರದ ಮನೆಯಲ್ಲಿ ಎಲ್ಲರೂ ಉಪವಾಸವಿದ್ದೆವು. ನಮ್ಮ ವಂಶವನ್ನು ಬಲ್ಲವರು ಇದನ್ನು ನಂಬುವುದಿಲ್ಲ. ನಮ್ಮಲ್ಲಿ ಏಕಾದಶಿಯ ಫಲಾಹಾರವೇ ಊಟಕ್ಕಿಂತ ಭಾರಿ. ನಾನು, ಅಕ್ಕ, ತಮ್ಮ ಒಟ್ಟಿಗೆ ಹೊರಟರೆ ಆಟೋದವನು ಮೀಟರ್ ಹಾಕುವ ಮೊದಲು ಇಳಿದು ಚಕ್ರ ನೋಡುತ್ತಾನೆ. ಹಾಗಾಗಿ, ಬೊಜ್ಜಿಗೆ ಕಾರಣವಾಗುವ ಜೀನ್ ಹುಡುಕುತ್ತಿದ್ದ ಸಂಶೋಧನೆಯವರಿಗೆ ನಾವು ಬಹಳ ಇಷ್ಟವಾಗಿಬಿಟ್ಟೆವು. ಖಾಲಿ ಹೊಟ್ಟೆಯಲ್ಲಿರಿ ಎಂದು ಹೇಳಿ, ರಕ್ತ ತೆಗೆಯಲು ಒಬ್ಬ ಹುಡುಗಿಯನ್ನು ಐಸ್ ಪೆಟ್ಟಿಗೆಯೊಂದಿಗೆ ಮನೆಗೇ ಕಳಿಸಿದರು.

ಅಕ್ಕ ಸೂಜಿ ಕಂಡು ದೇವರನಾಮ ಶುರುಮಾಡಿದಳು. ತಮ್ಮನೋ, ಉಪ್ಪಿಟ್ಟಿನ ಒಗ್ಗರಣೆಯ ವಾಸನೆಗೆ ಕಣ್ಣುಮುಚ್ಚಿ ಕೂತ. ಸೂಜಿ ಚುಚ್ಚಿದ್ದೂ ಅವನಿಗೆ ಗೊತ್ತಾಗಲಿಲ್ಲ. ನಮ್ಮ ಮೂವರದ್ದೂ ಆದಮೇಲೆ ಸರೋಜ ಸೆರಗಿಗೆ ಕೈ ಒರೆಸಿಕೊಂಡು ಬಂದು, ಬಳೆ ಮೇಲಕ್ಕೆ ಸರಿಸಿ, ತೋಳು ಚಾಚಿದಳು. ಬೆಳಿಗ್ಗೆಯಿಂದ ಅವಳೂ ಕಾಫಿ ಸಹ ಕುಡಿದಿರಲಿಲ್ಲ.

"ಆಂಟೀ, ನಿಮ್ದು ಬೇಡ. ಒಡಹುಟ್ಟಿದವರದ್ದು ಸಾಕು."

"ಯಾಕಮ್ಮಾ, ನಾನು ಈ ಮನೆಯವಳಲ್ವಾ?"

"ಹುಟ್ಟಿನಿಂದ ಬರೋದನ್ನ ಹುಡುಕ್ತಿದೀವಿ ಆಂಟೀ."

"ಧಾರೆ ಎರೆದ ಗಳಿಗೇಲಿ ಗೋತ್ರವೇ ಬದಲಾಯ್ತು, ನಿನ್ನ ಜೀನ್ ಏನು ಮಹಾ! ಬಂದಾಗ ಹಂಚಿಕಡ್ಡಿ ಹಾಗಿದ್ದೆ. ಈಗ ಇವರಕ್ಕನ ರವಿಕೆ ನಂಗೆ ಸರಿಯಾಗತ್ತೆ. ಈ ಮೈಯೇನು ನಮ್ಮಪ್ಪನ ಮನೇದಾ?"

"ಹೋಗ್ಲಿ ತಗೋಮ್ಮಾ, ಇನ್ನೊಂದು ಸೂಜಿ ತಾನೆ," ಎಂದು ಅಕ್ಕನೂ ಹೇಳಿದಳು.

ಹುಡುಗಿ ನಕ್ಕು ಪೆಟ್ಟಿಗೆ ಮುಚ್ಚಿದಳು. ಆಮೇಲೆ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡಳು. "ನನ್ನ ಉಪ್ಪಿಟ್ಟು ಆಗತ್ತೆ, ರಕ್ತ ಆಗಲ್ಲ ನೋಡಿ," ಎಂದು ಸರೋಜ ಸಂಜೆಯವರೆಗೂ ಗೊಣಗಿದಳು. ಮರುದಿನ ಎದೆನೋವು ಎಂದಳು. ಆ ವಾರ ಮುಗಿಯುವುದರೊಳಗೆ ಹೋಗಿಬಿಟ್ಟಳು.

ನಾನು ಅಳುವುದರಲ್ಲಿ ಜಾಣನಲ್ಲ, ಅಡುಗೆಯಲ್ಲಂತೂ ಅಲ್ಲವೇ ಅಲ್ಲ. ನನ್ನ ಉಪ್ಪಿಟ್ಟು ಬಾಣಲೆ ಬೋರಲು ಹಾಕಿದರೂ ಬೀಳುವುದಿಲ್ಲ. ಆದರೂ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ, ಅವಳಂತೆ ಮೂಸಿ ನೋಡಿ ಕೊತ್ತಂಬರಿ ಸೊಪ್ಪು ಆರಿಸುವುದು ಹಿತವಾಗಿದೆ. ವರ್ಷ ತುಂಬುವಷ್ಟರಲ್ಲಿ ನನ್ನ ಪ್ಯಾಂಟು ಬೆಲ್ಟನ್ನೇ ನಂಬಿ ಬದುಕತೊಡಗಿತು. ತೂಕ ನೋಡಲು ಅದೇ ಹುಡುಗಿ ಮತ್ತೆ ಬಂದಳು.

"ಅಂಕಲ್, ಡಯಟ್ ಮಾಡ್ತಿದೀರಾ?"

"ಇಲ್ಲಮ್ಮ, ಅಡುಗೆ ಮಾಡ್ತಿದೀನಿ."

ಅವಳು ಅಡುಗೆಮನೆಯ ಕಡೆ ನೋಡಿದಳು. ಸರೋಜ ಹೋದ ವಿಷಯ ಹೇಳಿದೆ. ನಾನು ಬಡಿಸಿದ ಉಪ್ಪಿಟ್ಟನ್ನು ತಿಂದು ಮುಗಿಸಿದಳು. ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ದಪ್ಪದ ವಂಶವೆಂದು ಹುಡುಕಿಕೊಂಡು ಬಂದು ಸಂಶೋಧನೆಯವರು ಆರಿಸಿದ ನಾನು ಹತ್ತಿದರೆ ಈಗ ಯಾವ ಆಟೋದವನೂ ಇಳಿದು ಚಕ್ರ ನೋಡುವುದಿಲ್ಲ. ನಮ್ಮ ಮೂವರ ರಕ್ತ ಮಾತ್ರ ಅವರಲ್ಲಿ ಇನ್ನೂ ಭದ್ರವಾಗಿದೆಯಂತೆ. ಸರೋಜಳದು ಇಲ್ಲ.