ಮಾವನ ಪ್ರಾಸ್ಟೇಟ್ ಪಂಚಾಯ್ತಿ

ನಮ್ಮ ಸೋದರಮಾವನಿಗೆ ಕ್ಯಾನ್ಸರ್ ಬಂದಿದೆ ಎಂದು ತಿಳಿದಾಗ ನನಗೆ ಮೊದಲು ಕನಿಕರ ಹುಟ್ಟಿದ್ದು ಕ್ಯಾನ್ಸರಿನ ಮೇಲೆ! ಪಾಪ, ಹೋಗಿ ಹೋಗಿ ಎಂಥವರ ಕೈಗೆ ಸಿಕ್ಕಿಬಿತ್ತಪ್ಪಾ!

ಗುಬ್ಬಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಈ ಮಹಾನುಭಾವರಿಗೆ ಜೀವಮಾನದಲ್ಲಿ ಯಾರ ಮಾತೂ ರುಚಿಸಿದ್ದಿಲ್ಲ. ಮೂತ್ರ ಕಟ್ಟುತ್ತಿದೆ, ಸೊಂಟ ಸಿಡಿಯುತ್ತಿದೆ, ತೋರಿಸಿ ಎಂದು ಅತ್ತೆ ಗೋಗರೆದರೂ "ವಯಸ್ಸಾದ್ ಗಂಡಸ್ಗೆ ಇದೆಲ್ಲಾ ಇರೋದೇ ಕಣೇ" ಎಂದು ದಿನ ತಳ್ಳಿದರು. ಕೊನೆಗೆ ನಾನೇ ತುಮಕೂರಿನ ಆಸ್ಪತ್ರೆಗೆ ಎಳೆದೊಯ್ದೆ. ರಕ್ತಪರೀಕ್ಷೆ, ಬಯಾಪ್ಸಿ, ಸ್ಕ್ಯಾನ್ ಎಲ್ಲ ಮುಗಿಸಿ ಡಾಕ್ಟರು ಮೆಲ್ಲಗೆ ಹೇಳಿದರು: ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಮೂಳೆಗೂ ಹರಡಿದೆ. ಪೂರ್ತಿ ಗುಣವಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು.

ಮಾವ ಡಾಕ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಗೆ ಮದ್ವೆ ಆಗಿದ್ಯೇನಪ್ಪಾ?" ಎಂದರು. ಇಲ್ಲ ಎನ್ನುತ್ತಲೇ ನನ್ನತ್ತ ತಿರುಗಿ, "ನೋಡ್ದೇನ್ಲಾ? ಇವ್ರಿಗೇನ್ ಗೊತ್ತು ಗಂಡಸಿನ್ ಕಷ್ಟ!"

ಆ ಪುಣ್ಯಾತ್ಮರು ಸಿಟ್ಟಾಗಲಿಲ್ಲ. ಈ ಕ್ಯಾನ್ಸರಿಗೆ ಗಂಡಸಿನ ಹಾರ್ಮೋನೇ ಗೊಬ್ಬರ. ಅದನ್ನು ನಿಲ್ಲಿಸಲು ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ತಗೊಳ್ಳಬೇಕು, ಇಲ್ಲವೇ ಆಪರೇಷನ್ ಮಾಡಿಸಿ ಬೀಜ ತೆಗೆಸಬೇಕು. ಎರಡರಲ್ಲಿ ಯಾವುದಾದರೂ ಸರಿ, ಜೊತೆಗೆ ಮಾತ್ರೆ ಇದ್ದೇ ಇರುತ್ತದೆ ಎಂದು ವಿವರಿಸಿದರು. "ಯೋಚನೆ ಮಾಡಿ ಹೇಳಿ. ಆದ್ರೆ ತಡ ಮಾಡ್ಬೇಡಿ."

ಯೋಚನೆ! ಆ ಪದವನ್ನು ಮಾವನ ಮುಂದೆ ಆಡಬಹುದೇ? ಬೇರೆಯವರು ಇಂಥ ಕಾಯಿಲೆಯನ್ನು ಹೆಂಡತಿಯ ಬಳಿಯೂ ಪಿಸುಗುಟ್ಟುತ್ತಾರೆ. ನಮ್ಮವರು ಗುಬ್ಬಿ ಬಸ್ಸಿನಲ್ಲೇ ಪಂಚಾಯ್ತಿ ಕೂಡಿಸಿದರು. "ಇಂಜೆಕ್ಷನ್ನೋ, ಬೀಜಾನೋ? ನೀವೇ ಹೇಳ್ರಪ್ಪಾ!" ಮುಂದಿನ ಸೀಟಿನ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕಂಡಕ್ಟರ್ ಮಾತ್ರ ಗಂಭೀರವಾಗಿ, "ಇಂಜೆಕ್ಷನ್ನೇ ತಗೊಳ್ಳಿ ಯಜಮಾನ್ರೇ, ಇರೋದನ್ ಯಾಕ್ ಕಳ್ಕೊತೀರಾ?" ಎಂದ. ನನಗೆ ಕಿಟಕಿಯಿಂದ ಹಾರಿಬಿಡೋಣ ಎನ್ನಿಸಿತು!

ಅಷ್ಟಕ್ಕೇ ಸುಮ್ಮನಾದರೇ? ಮುಂದಿನ ಸವಾರಿ ಕುಣಿಗಲ್‌ಗೆ. ಅಲ್ಲೊಬ್ಬ ಬೇರಿನ ಪುಡಿ ಕೊಡುವ ಪಂಡಿತ. ಎಂಥ ಕ್ಯಾನ್ಸರನ್ನೂ ಕರಗಿಸುತ್ತಾನಂತೆ. ಕರಗಿದ್ದು ಮಾವನ ಮೈ! ಭೇದಿ ಹತ್ತಿ ಸುಸ್ತಾಗಿ ಮತ್ತೆ ಅವನ ಮುಂದೆ ಕೂತರೆ, "ಕಾಯ್ಲೆ ಹೊರಗ್ ಬರ್ತಾ ಐತೆ ಬುಡಿ" ಎಂದ.

"ನಿಂಗೇ ಈ ಕಾಯ್ಲೆ ಬಂದ್ರೆ ಇದ್ನೇ ತಿಂತೀಯೇನಯ್ಯಾ?" ಎಂದರು ಮಾವ.

"ನಂಗೆ ಬಂದ್ರೆ ಬೆಂಗ್ಳೂರಿಗ್ ಹೋಗ್ತೀನಿ" ಎಂದುಬಿಟ್ಟ ಆ ಮಹಾಮೂರ್ಖ!

ಮನೆಗೆ ಬಂದಾಗ ಅತ್ತೆ ಕಾದೇ ಇದ್ದರು. "ಕುಣಿಗಲ್ಲಲ್ಲಿ ಕುದ್ರೆ ಸಾಕ್ತಾರೆ ಅಂತ ಕೇಳಿದ್ದೆ. ಕತ್ತೆಗಳೂ ಹೋಗ್ಬರ್ತವೆ ಅಂತ ಗೊತ್ತಿರ್ಲಿಲ್ಲ."

ಒಂದು ಬೆಳಿಗ್ಗೆ ಬೆನ್ನುನೋವಿಗೆ ಹಾಸಿಗೆಯಿಂದ ಏಳಲಾಗದೆ ಹೋದಾಗ ಪಂಚಾಯ್ತಿ ತಾನಾಗಿಯೇ ಬರಖಾಸ್ತಾಯಿತು. ಇಂಜೆಕ್ಷನ್ ಶುರುವಾಯಿತು. ಹಾರ್ಮೋನು ಇಳಿದದ್ದೇ ತಡ, ಮೈಯೆಲ್ಲ ಧಗಧಗ, ಬೆವರು. ಚಳಿಯಲ್ಲೂ ಫ್ಯಾನ್! "ಮುಟ್ಟು ನಿಲ್ಲೋವಾಗ ನಂಗೂ ಹಿಂಗೇ ಆಗಿತ್ತು. ನಾಟ್ಕ ಅಂದಿದ್ರಲ್ಲಾ?" ಎಂದು ಅತ್ತೆ ಕೇಳಿದರೆ, ಮಾವ ಗೋಡೆ ಕಡೆ ತಿರುಗಿ ಮಲಗಿದರು.

ನೋವು ತಗ್ಗಿತು, ರಕ್ತಪರೀಕ್ಷೆಯೂ ಪರವಾಗಿಲ್ಲ ಎಂದಿತು. ಆಗೊಂದು ದಿನ ಫೋನು. "ಸ್ಕೂಟರ್ ತಗೊಂಡ್ ಗ್ರೌಂಡ್ ಹತ್ರ ಬಾರ್ಲಾ." ಇನ್ಯಾವ ಪಂಡಿತನೋ ಎಂದು ಶಪಿಸುತ್ತಲೇ ಹೋದೆ. ನೋಡಿದರೆ ಅತ್ತೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾರೆ!

"ಇವ್ಳಿಗೆ ಓಡ್ಸೋದ್ ಕಲ್ಸು."

"ಈ ವಯಸ್ಸಲ್ಲಾ ಮಾವ?"

ಮಾವ ನನ್ನನ್ನು ಪಕ್ಕಕ್ಕೆ ಕರೆದರು. ಅವರ ದನಿ ಅಷ್ಟು ತಗ್ಗಿದ್ದನ್ನು ನಾನು ಕೇಳಿದ್ದೇ ಇಲ್ಲ. "ಇಷ್ಟ್ ದಿನ ಎಲ್ಲಿಗೇ ಆದ್ರೂ ನಾನೇ ಕರ್ಕೊಂಡ್ ಹೋದೆ ಕಣೋ. ನಾಳೆ ಕರ್ಕೊಂಡ್ ಹೋಗಿ ಅಂತ ಅವ್ಳು ಯಾರ್ ಬಾಗ್ಲಲ್ಲೂ ನಿಲ್ಬಾರ್ದು."

ಅತ್ತೆ ಕಲಿಯುವವರೆಗೂ ಮಾವ ದಿನಾ ಸಂಜೆ ಕಲ್ಲುಬೆಂಚಿನ ಮೇಲೆ ಕೂತು ಬೈದರು. ಬ್ರೇಕ್ ಹಿಡಿದರೂ ಬೈಗುಳ, ಬಿಟ್ಟರೂ ಬೈಗುಳ. ಕೊನೆಗೊಂದು ಸಂಜೆ ಅತ್ತೆ ಒಂಟಿಯಾಗಿ ಸುತ್ತು ಹಾಕಿ ಬಂದು, ಬೆಂಚಿನ ಮುಂದೆ ಗಾಡಿ ನಿಲ್ಲಿಸಿದರು.

"ನಿಧಾನಕ್ಕೇ ಹೋಗ್ತೀನಿ. ಹತ್ತಿ."

ಮಾವ ಬೆನ್ನು ಹಿಡಿದುಕೊಂಡೇ ಹತ್ತಿ, ಅತ್ತೆಯ ಭುಜದ ಮೇಲೆ ಕೈಯಿಟ್ಟರು. ಗಾಡಿ ಓಲಾಡುತ್ತ ಹೊರಟಿತು. ಗೇಟು ದಾಟಿ ರಸ್ತೆಗೆ ಇಳಿಯುವವರೆಗೂ ಕಿವಿಗೊಟ್ಟು ನಿಂತೆ. ಮಾವ ಒಂದೇ ಒಂದು ತಪ್ಪನ್ನೂ ಎತ್ತಿ ಆಡಲಿಲ್ಲ.